ಪಾನಾಗಾರದ ವಿಭಕ್ತಾಸನಗಳು

ನಗರದ ಪಾನಶಾಲೆಗಾಗಲಿ ಭೋಜನಶಾಲೆಗಾಗಲಿ ಹೋದವನು ನಟ್ಟನಡುವಿನ ಮೇಜುಗಳನ್ನು ಬಿಟ್ಟು, ಎತ್ತರವಾದ ಒರಗುಳ್ಳ ಎರಡು ಬೆಂಚುಗಳ ನಡುವೆ ಮೇಜನ್ನಿಟ್ಟು ಗೂಡಿನಂತೆ ಮಾಡಿರುವ ಸ್ಥಳವನ್ನೇ ಮೊದಲು ಅರಸುವುದುಂಟು. ಇಂಗ್ಲಿಷಿನಲ್ಲಿ ಇದಕ್ಕೆ ಬೂತ್ ಎಂದು ಹೆಸರು. ಕನ್ನಡನಾಡಿನ ಹೋಟೆಲುಗಳ ಫ್ಯಾಮಿಲಿ ರೂಮು ಇದರ ದಾಯಾದಿ. ಈ ವ್ಯವಸ್ಥೆಯು ಪಾಶ್ಚಾತ್ಯರಿಂದಲೇ ಬಂದುದೆಂದು ಭಾವಿಸುವುದು ಸಹಜವಾದರೂ, ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ 25ನೆಯ ಅಧ್ಯಾಯವನ್ನು ಓದಿದವರು ಹಾಗೆ ಹೇಳಲಾರರು.

ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ಓಲೆಗರಿಗಳಿಂದ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಗ್ರಂಥದ ಕಾಲವು ಮೌರ್ಯರದೋ ಕ್ರಿಸ್ತಶಕದ ಮೊದಲ ಶತಮಾನಗಳದೋ ಎಂಬ ವಿವಾದವು ಇಲ್ಲಿ ಅಪ್ರಸ್ತುತ. ಯಾವ ಪಕ್ಷವನ್ನು ಹಿಡಿದರೂ ಲಂಡನ್ನಿನ ಕಾಫಿಮನೆಗಳಿಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಿನದಾಗುತ್ತದೆ.

ಪಾನಾಗಾರವು ಅನೇಕ ಕಕ್ಷ್ಯೆಗಳುಳ್ಳದ್ದಾಗಿರತಕ್ಕದ್ದು. ಅದರಲ್ಲಿ ಶಯನಾಸನಗಳು ವಿಭಕ್ತವಾಗಿರತಕ್ಕದ್ದು. ಗಂಧ, ಮಾಲ್ಯ, ಉದಕಗಳಿದ್ದು ಎಲ್ಲ ಋತುಗಳಲ್ಲಿಯೂ ಸುಖವಾಗಿರಬೇಕು ಎಂದು ಕೌಟಿಲ್ಯನ ವಿಧಿ. ಶುಚಿಯೆಂದು ಹೆಸರಾದವರು ಅಳತೆಗೊಳಪಟ್ಟು ಸ್ವಲ್ಪ ಮದ್ಯವನ್ನು ಹೊರಗೆ ಒಯ್ಯಬಹುದು. ಉಳಿದವರು ಅತ್ತಿತ್ತ ಸಂಚರಿಸದೆ ಅಲ್ಲಿಯೇ ಕುಳಿತು ಕುಡಿಯಬೇಕು. ಹೀಗಿರುವಲ್ಲಿ ಆಸನವು ಸುಖಕರವಾಗಿರದಿದ್ದರೆ ಗಿರಾಕಿಯನ್ನು ಕೂರಿಸುವುದೆಂತು? ವಿಭಕ್ತವೆಂಬುದಕ್ಕೆ ಶಯನವೇ ಬೇರೆ, ಆಸನವೇ ಬೇರೆ ಎಂದಷ್ಟೇ ಅರ್ಥಮಾಡುವುದು ಸಾಲದು. ಮುಂದೆ ಅದೇ ಅಧ್ಯಾಯದಲ್ಲಿ ಸಂವೃತವಾದ, ಎಂದರೆ ಮರೆಯಾದ, ಕಕ್ಷ್ಯಾವಿಭಾಗಗಳ ಮಾತು ಬರುವುದರಿಂದ, ಒಬ್ಬೊಬ್ಬರಿಗೆ ಅಥವಾ ಒಂದೊಂದು ಗುಂಪಿಗೆ ಪ್ರತ್ಯೇಕವಾದ ಎಡೆಯೆಂಬ ಅರ್ಥವೇ ಸಮಂಜಸವಾಗಿ ತೋರುತ್ತದೆ.

ಆದರೆ ಈ ಮರೆ ಯಾರ ಸಲುವಾಗಿ? ಸ್ವಾರಸ್ಯವಿರುವುದು ಇಲ್ಲಿ. ಪಾನಾಗಾರದಲ್ಲಿ ಗೂಢಚಾರರು ನೆಲಸಿ ಗಿರಾಕಿಗಳ ಎಂದಿನ ವ್ಯಯವನ್ನೂ ಅಸಾಧಾರಣವಾದ ವ್ಯಯವನ್ನೂ ಹೊಸಬರ ಆಗಮನವನ್ನೂ ತಿಳಿಯಬೇಕು. ಕುಡಿದು ಮಲಗಿದವರ ಒಡವೆ, ಉಡುಪು, ಹೊನ್ನುಗಳನ್ನೂ ಲೆಕ್ಕವಿಡಬೇಕು. ಅವು ಕಳೆದರೆ ಮದ್ಯದ ವರ್ತಕನು ಕಳೆದುದನ್ನು ಕೊಟ್ಟು, ಅಷ್ಟೇ ಮೊತ್ತವನ್ನು ದಂಡವಾಗಿಯೂ ತೆರಬೇಕು. ಇದರ ಬೆನ್ನಿಗೇ, ವರ್ತಕರಾದರೋ ಆ ಮರೆಯ ಕಕ್ಷ್ಯೆಗಳಲ್ಲಿ ಚೆಲುವೆಯರಾದ ತಮ್ಮ ದಾಸಿಯರ ಮೂಲಕ, ಆರ್ಯರಂತೆ ತೋರುವವರು ಮತ್ತರಾಗಿ ಮಲಗಿರುವಾಗ ಅವರ ಭಾವವನ್ನು ಅರಿಯಬೇಕೆಂದು ಹೇಳಿದೆ. ಅತಿಥಿಯು ಏಕಾಂತವೆಂದು ತಿಳಿದು ಹೊಕ್ಕ ಗೂಡೇ ರಾಜ್ಯದ ಕಣ್ಣು! ಹಾಗೆಂದು ಇದನ್ನು ಬರಿಯ ಬೇಹುಗಾರಿಕೆಯೆನ್ನುವುದೂ ಅವಸರದ ಮಾತು. ದಂಡದ ಮಾತಾದೊಡನೆ ‘ತು’ ಎಂಬ ಅವ್ಯಯದಿಂದ ವರ್ತಕನನ್ನು ಗೂಢಚಾರರಿಂದ ಬೇರ್ಪಡಿಸಿರುವುದನ್ನು ಗಮನಿಸಬೇಕು. ಒಡವೆ ಹೋದರೆ ಇಮ್ಮಡಿ ತೆರುವವನಿಗೆ ಮಲಗಿದವನು ಎಂಥವನೆಂದು ತಿಳಿಯುವ ಅಗತ್ಯವು ಅರಸನಿಗಿಂತ ಕಡಿಮೆಯಿರಲಿಲ್ಲ.

ಯೂರೋಪಿನಲ್ಲಿ ಇದೇ ಗೂಡು ಬೇರೆ ದಾರಿಗಳನ್ನು ಹಿಡಿಯಿತು. ಲಂಡನ್ನಿನಲ್ಲಿ 1688ರ ಸುಮಾರಿಗೆ ಕಾಣಬರುವ ಎಡ್ವರ್ಡ್ ಲಾಯ್ಡನ ಕಾಫಿಮನೆಯು ನಾವಿಕರ ಮತ್ತು ಹಡಗುವರ್ತಕರ ಕೂಟವಾಗಿ, ಕ್ರಮೇಣ ವಿಮಾವ್ಯಾಪಾರದ ಕೇಂದ್ರವಾಯಿತು. 1986ರಲ್ಲಿ ತೆರೆದ ಅದರ ಉಕ್ಕು ಗಾಜುಗಳ ಮಂದಿರದಲ್ಲಿಯೂ ವಿಮಾದಾರರು ಕೂರುವ ಎಡೆಗೆ ಹಳೆಯ ಕಾಫಿಮನೆಯ ಬಾಕ್ಸ್ ಎಂಬ ಹೆಸರೇ ಉಳಿದಿದೆ. ಕಾಫಿ ಹೋಯಿತು, ಪೀಠ ಉಳಿಯಿತು.

ಕೌಟಿಲ್ಯನ ಕಕ್ಷ್ಯೆಗೆ ರೂಪದಲ್ಲಿ ಹೆಚ್ಚು ಸಮೀಪವಾದುದು ಬೆಲ್‌ಫಾಸ್ಟ್ ನಗರದ ಕ್ರೌನ್ ಎಂಬ ಪಾನಶಾಲೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಲಂಕೃತವಾದ ಆ ಶಾಲೆಯಲ್ಲಿ ಸ್ನಗ್ ಎಂದು ಕರೆಯಲ್ಪಡುವ ಹತ್ತು ಮರದ ಗೂಡುಗಳಿವೆ. ಸ್ನಗ್ ಎಂದರೆ ಬೆಚ್ಚನೆಯ ನೆಮ್ಮದಿಯೆಂದೇ ಅರ್ಥ. ಪ್ರತಿಯೊಂದಕ್ಕೂ ಬಾಗಿಲುಂಟು; ಪರಿಚಾರಕನನ್ನು ಕರೆಯಲು ಒಳಗೆ ಗಂಟೆಯ ಗುಂಡಿಯುಂಟು. ಒಳಗಿನವರು ಕರೆದಾಗ ಪರಿಚಾರಕನು ಬರುವನು. ಅರ್ಥಶಾಸ್ತ್ರದ ಪಾನಾಗಾರದಲ್ಲಿ ಗಂಟೆಯ ಮಾತಿಲ್ಲ. ದಾಸಿಯು ಮೊದಲೇ ಒಳಗಿದ್ದಳು.