ಮೊದಲ ಸಾಲು ಎತ್ತಿಕೊಟ್ಟವರು

ಹೋದ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಸಾಗರದಲ್ಲಿ ಅವನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಮದುವೆ ವಿಡಿಯೋ, ಯಕ್ಷಗಾನದ ಆಡಿಯೋ, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಪ್ರಚಾರ, ಎಲ್ಲವೂ ಅಲ್ಲೇ ತಯಾರಾಗುತ್ತವೆ. “ಸರ್, ಕಂಪ್ಯೂಟರ್ ಏಳ್ತಾನೇ ಇಲ್ಲ. ಗಾಳಿಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಇವತ್ತು ಬಂತು ಅಂತ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ ಒಂದೇ ಒಂದು ಸಾಲು” ಎಂದ. ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ ಎಂದು ಹೇಳುವ ಇಂಗ್ಲಿಷ್ ಸಾಲು ಅದು.

ಆ ಪೆಟ್ಟಿಗೆಯೊಳಗೆ ನನ್ನದೂ ಒಂದು ಆಸ್ತಿ ಇತ್ತು. 2012ರಲ್ಲಿ ನನ್ನ ದೊಡ್ಡಮ್ಮನನ್ನು ಮೂರು ಸಂಜೆ ಆ ಸ್ಟುಡಿಯೋದಲ್ಲಿ ಕೂರಿಸಿ ಬೀಸುವ ಪದಗಳನ್ನೂ ಹಸೆ ಹಾಡುಗಳನ್ನೂ ರೆಕಾರ್ಡ್ ಮಾಡಿಸಿದ್ದೆ. ಎರಡು ವರ್ಷದ ನಂತರ ದೊಡ್ಡಮ್ಮ ತೀರಿಕೊಂಡರು. ನನ್ನ ಪಾಲಿನ ಡಿವಿಡಿಗೆ ಮಲೆನಾಡಿನ ಬೂಷ್ಟು ಹಿಡಿದು ಎಂದೋ ಕೆಟ್ಟಿತ್ತು. ಸ್ಟುಡಿಯೋದಲ್ಲಿ ಇದೆಯಲ್ಲ ಎಂಬ ಧೈರ್ಯದ ಮೇಲೆ ನಾನು ಇನ್ನೊಂದು ಪ್ರತಿ ಮಾಡಿಸಿರಲಿಲ್ಲ. ಇತಿಹಾಸ ಪಾಠ ಮಾಡುವವನ ಮನೆಯ ದಾಖಲೆಗಳ ಸ್ಥಿತಿ ಹೀಗೆ!

“ರಿಪೇರಿಯವರು ನೋಡಿದ್ರು ಸರ್. ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕ್ತೀನಿ, ಸಂಜೆಗೆ ರೆಡಿ ಅಂತಾರೆ” ಎಂದ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ. “ಯಾರೂ ಕೈ ಹಚ್ಚಬೇಡಿ, ಪ್ಲಗ್ ಕಿತ್ತಿಡು, ನಾನು ಬರ್ತೀನಿ” ಎಂದು ಹೇಳಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು, ಕಂಪ್ಯೂಟರ್ ಏಳುವುದು ಎಂದರೆ ಏನು ಎಂಬುದನ್ನೇ ಯೋಚಿಸುತ್ತಿದ್ದೆ. ಈ ಏಳುವಿಕೆಗೂ ಒಂದು ಇತಿಹಾಸವಿದೆ.

ಕಂಪ್ಯೂಟರಿನವರು ಇದನ್ನು ‘ಬೂಟ್’ ಆಗುವುದು ಎನ್ನುತ್ತಾರೆ. ‘ಬೂಟ್‌ಸ್ಟ್ರ್ಯಾಪ್’ ಎಂಬುದರ ಮೊಟಕು ರೂಪ ಅದು. ಬೂಟಿನ ಹಿಂದಿರುವ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂದರೆ ಆಗದ ಮಾತು ಎಂದು ಅರ್ಥ. ಹದಿನೆಂಟನೆಯ ಶತಮಾನದ ಜರ್ಮನಿಯ ಬಡಾಯಿ ಕಥೆಗಳ ನಾಯಕ ಬ್ಯಾರನ್ ಮುಂಚೌಸನ್, ಕೆಸರಿನಲ್ಲಿ ಹೂತುಹೋದಾಗ ತನ್ನ ಜುಟ್ಟನ್ನು ತಾನೇ ಹಿಡಿದು, ಕುದುರೆಯ ಸಮೇತ ಮೇಲೆ ಬಂದೆ ಎನ್ನುತ್ತಾನೆ. ಕಂಪ್ಯೂಟರಿನ ಕಷ್ಟವೂ ಇದೇ. ಅದು ಯಾವ ಕೆಲಸ ಮಾಡಬೇಕಾದರೂ ಅದರ ನೆನಪಿನಲ್ಲಿ ಸೂಚನೆಗಳಿರಬೇಕು. ಆ ಸೂಚನೆಗಳನ್ನು ನೆನಪಿಗೆ ತಂದುಕೊಳ್ಳುವುದೂ ಒಂದು ಕೆಲಸವೇ, ಅದಕ್ಕೂ ಸೂಚನೆ ಬೇಕು. ಹಾಗಾದರೆ ಮೊಟ್ಟಮೊದಲ ಸೂಚನೆ ಎಲ್ಲಿಂದ ಬರಬೇಕು?

1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರಕ್ಕೆ ಈ ಪ್ರಶ್ನೆ ಇರಲಿಲ್ಲ. ಅದಕ್ಕೆ ಹೊಸ ಲೆಕ್ಕ ಹೇಳಿಕೊಡಬೇಕಾದರೆ ಮನುಷ್ಯರು ನಿಂತು ವೈರುಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕಿತ್ತು, ಸ್ವಿಚ್ಚುಗಳನ್ನು ತಿರುಗಿಸಬೇಕಿತ್ತು. ಸೂಚನೆಗಳನ್ನು ಯಂತ್ರದ ನೆನಪಿನಲ್ಲೇ ಇಡುವ ಕಾಲ ಬಂದಾಗ ಪ್ರಶ್ನೆ ಎದ್ದಿತು. ಕೇಂಬ್ರಿಡ್ಜಿನಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ಎಡ್ಸ್ಯಾಕ್ 1949ರ ಮೇ 6ರಂದು ಮೊದಲ ಬಾರಿಗೆ ಲೆಕ್ಕ ಮಾಡಿತು. ಅದರ ನೆನಪು ಪಾದರಸದ ಕೊಳವೆಗಳಲ್ಲಿ ಓಡಾಡುವ ಅಲೆಗಳ ರೂಪದಲ್ಲಿತ್ತು. ಕರೆಂಟು ತೆಗೆದರೆ ನೆನಪೂ ಹೋಯಿತು. ಆಗಿನ್ನೂ 22 ವರ್ಷದ ಸಂಶೋಧನಾ ವಿದ್ಯಾರ್ಥಿ ಡೇವಿಡ್ ವೀಲರ್ ಇದಕ್ಕೆ ದಾರಿ ಹುಡುಕಿದ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುತ್ತಿದ್ದ ಸ್ವಿಚ್ಚುಗಳ ಮೇಲೆ 31 ಆಜ್ಞೆಗಳನ್ನು ತಂತಿಯಿಂದಲೇ ಬರೆದಿಡಲಾಯಿತು. ಗುಂಡಿ ಒತ್ತಿದರೆ ಆ 31 ಆಜ್ಞೆಗಳು ನೆನಪಿಗೆ ಬರುತ್ತಿದ್ದವು. ಅವು ತೂತು ಹೊಡೆದ ಕಾಗದದ ಪಟ್ಟಿಯಿಂದ ಉಳಿದದ್ದನ್ನು ಓದಿಕೊಳ್ಳುತ್ತಿದ್ದವು. ಕೆಸರಿನಲ್ಲಿದ್ದ ಬ್ಯಾರನ್‌ಗೆ ದಡದಿಂದ ಯಾರೋ ಕೈ ಚಾಚಿದಂತಾಯಿತು.

ಎಲ್ಲ ಯಂತ್ರಗಳಿಗೂ ಈ ಭಾಗ್ಯ ಇರಲಿಲ್ಲ. 1975ರ ಆಲ್ಟೇರ್ 8800ಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಎದುರಿನ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಆಜ್ಞೆ ತುಂಬಬೇಕು. ಅದಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್, ಯಂತ್ರವನ್ನು ಕಣ್ಣಿಂದ ನೋಡದೆಯೇ ‘ಬೇಸಿಕ್’ ಭಾಷೆಯ ಪ್ರೋಗ್ರಾಮು ಬರೆದರು. ಅದನ್ನು ತೋರಿಸಲು ಆಲೆನ್ ವಿಮಾನದಲ್ಲಿ ಆಲ್ಬುಕರ್ಕಿಗೆ ಹೊರಟಿದ್ದ. ವಿಮಾನ ಇಳಿಯುವ ಹೊತ್ತಿಗೆ ಎದೆ ಝಲ್ಲೆಂದಿತು. ಪ್ರೋಗ್ರಾಮೇನೋ ಕಾಗದದ ಪಟ್ಟಿಯಲ್ಲಿದೆ, ಆದರೆ ಆ ಪಟ್ಟಿಯನ್ನು ಓದು ಎಂದು ಯಂತ್ರಕ್ಕೆ ಹೇಳುವವರು ಯಾರು? ಆ ಮೊದಲ ತುಣುಕನ್ನೇ ಬರೆಯಲು ಮರೆತಿದ್ದರು. ಕೂತಲ್ಲೇ ಹಾಳೆಯ ಮೇಲೆ ಬರೆದ. ಅಲ್ಲಿ ಹೋಗಿ ಸ್ವಿಚ್ಚುಗಳಿಂದ ಅದನ್ನು ತುಂಬಿದ, ಯಂತ್ರ ಪಟ್ಟಿಯನ್ನು ಓದಿಕೊಂಡಿತು. ಎರಡಕ್ಕೆ ಎರಡು ಕೂಡಿಸು ಎಂದರೆ ನಾಲ್ಕು ಎಂದಿತು. ಮುಂದೆ ಮೈಕ್ರೋಸಾಫ್ಟ್ ಆದದ್ದರ ಬುಡದಲ್ಲಿ ಈ ತುಣುಕಿದೆ.

ನಮ್ಮ ಮೇಜಿನ ಮೇಲಿನ ಪೆಟ್ಟಿಗೆಗಳ ವಂಶ ಶುರುವಾಗುವುದು 1981ರ ಐಬಿಎಂ ಪಿಸಿಯಿಂದ. ಅದರಲ್ಲಿ ‘ಬಯಾಸ್’ ಎಂಬ ಅಳಿಸಲಾಗದ ಪುಟ್ಟ ಪ್ರೋಗ್ರಾಮು ಚಿಪ್ಪಿನೊಳಗೇ ಕೂತಿತ್ತು. ಎಚ್ಚರವಾದ ಕೂಡಲೇ ತನ್ನ ಅಂಗಾಂಗ ಸರಿಯಿದೆಯೇ ನೋಡಿಕೊಂಡು ‘ಬೀಪ್’ ಎನ್ನುವುದು ಅದೇ. 1983ರಲ್ಲಿ ಹತ್ತು ಮೆಗಾಬೈಟಿನ ಹಾರ್ಡ್ ಡಿಸ್ಕ್ ಸೇರಿದಾಗ ಇನ್ನೊಂದು ಕಟ್ಟಳೆ ಬಂತು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಮುಂದಿನ ದಾರಿ ಬರೆದಿರಬೇಕು. 512 ಬೈಟು ಎಂದರೆ ಎಷ್ಟು? ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡ ಬರೆದರೆ ಈ ಪ್ಯಾರಾದ ಅರ್ಧವೂ ಅದರಲ್ಲಿ ಹಿಡಿಸುವುದಿಲ್ಲ. 1984ರ ಮಾದರಿಗೆ ಗಡಿಯಾರವೂ, ಅದನ್ನು ನಡೆಸಲು ಬ್ಯಾಟರಿಯೂ ಬಂದವು. ಯಾವ ಡಿಸ್ಕ್ ಇದೆ, ಹೇಗೆ ಶುರು ಮಾಡಬೇಕು ಎಂಬಂಥ ಚಿಲ್ಲರೆ ವಿವರಗಳೂ ಆ ಬ್ಯಾಟರಿಯ ಆಸರೆಯಲ್ಲೇ ಉಳಿಯುತ್ತಿದ್ದವು.

ಬಸ್ಸಿನಲ್ಲಿ ಇಷ್ಟು ನೆನೆದದ್ದರಿಂದ ಒಂದು ಧೈರ್ಯ ಬಂತು. ಏಳುವುದು ಬೇರೆ, ನೆನಪಿರುವುದು ಬೇರೆ. ಬ್ಯಾಟರಿ, ಬಯಾಸ್, 512 ಬೈಟು, ವಿಂಡೋಸ್ ಎಂಬ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಪರದೆ ಕಪ್ಪೇ. ಆದರೆ ಹಾಡುಗಳು ಆ ಸರಪಳಿಯ ಆಚೆಗಿವೆ. ಬಾಗಿಲ ಬೀಗ ಕೆಟ್ಟಿತೆಂದು ಯಾರೂ ಕಣಜಕ್ಕೆ ಬೆಂಕಿ ಇಡುವುದಿಲ್ಲ.

ಸ್ಟುಡಿಯೋ ತಲುಪಿದಾಗ ನನ್ನ ಶಿಷ್ಯ ಮುಖ ಬಾಡಿಸಿಕೊಂಡು ಕೂತಿದ್ದ. ಮೊದಲು ಪೆಟ್ಟಿಗೆ ಬಿಚ್ಚಿಸಿದೆ. ಒಳಗೆ ಎರಡು ಡಿಸ್ಕ್ ಇದ್ದವು. ಚಿಕ್ಕದರಲ್ಲಿ ವಿಂಡೋಸ್, ದೊಡ್ಡದರಲ್ಲಿ ಹನ್ನೆರಡು ಹದಿಮೂರು ವರ್ಷದ ರೆಕಾರ್ಡಿಂಗುಗಳು. “ರಿಪೇರಿ ಆಮೇಲೆ. ಮೊದಲು ಪ್ರತಿ” ಎಂದೆ. ಅವನಿಗೆ ಇನ್ನೊಂದು ಸ್ಟುಡಿಯೋದ ಕಥೆ ಹೇಳಿದೆ. 1998ರಲ್ಲಿ ಪಿಕ್ಸಾರ್‌ನವರು ‘ಟಾಯ್ ಸ್ಟೋರಿ 2’ ಮಾಡುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಸಿನಿಮಾದ ಕಡತಗಳು ಕಣ್ಣೆದುರೇ ಮಾಯವಾದವು. ಬ್ಯಾಕಪ್ ಇದೆ ಎಂದು ತೆಗೆದು ನೋಡಿದರೆ ಅದು ಸರಿಯಾಗಿ ಕೆಲಸವೇ ಮಾಡಿರಲಿಲ್ಲ. ಉಳಿಸಿದ್ದು, ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಎಂಬಾಕೆಯ ಮನೆಯಲ್ಲಿದ್ದ ಪ್ರತಿ. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದರಂತೆ. “ಬಾಣಂತಿ ಕಾಪಾಡಿದ್ಲು ಅನ್ನಿ” ಎಂದು ಅವನು ಮೊದಲ ಸಲ ನಕ್ಕ.

ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ‘ನಾಪಿಕ್ಸ್’ ಎಂಬುದನ್ನು ಹೊರತಂದ. ಒಂದೇ ಸಿಡಿಯಿಂದ ಏಳುವ, ಒಳಗಿನ ಡಿಸ್ಕಿಗೆ ಏನನ್ನೂ ಬರೆಯದೆ ಕೆಲಸ ಮಾಡಬಲ್ಲ ಲಿನಕ್ಸ್ ಅದು. ಅದೇ ಜಾತಿಯ ಒಂದನ್ನು ನಾನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಅವನ ಲ್ಯಾಪ್‌ಟಾಪನ್ನು ಅದರಿಂದ ಎಬ್ಬಿಸಿ, ದೊಡ್ಡ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಓದಲು ಮಾತ್ರ ಎಂದು ತೆರೆದೆವು. ಫೋಲ್ಡರುಗಳೆಲ್ಲ ಇದ್ದಲ್ಲೇ ಇದ್ದವು. ಹೊಸ ಡಿಸ್ಕಿಗೆ ಎಲ್ಲವೂ ಇಳಿಯುವಾಗ ರಾತ್ರಿ ಹತ್ತಾಯಿತು.

ಆಮೇಲೆ ಕಾಯಿಲೆ ಹುಡುಕಿದೆವು. ಡಿಸ್ಕುಗಳನ್ನು ಮತ್ತೆ ಜೋಡಿಸಿ ಬಯಾಸ್ ಪುಟ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು: 2008ರ ಜನವರಿ 1. ತಾರೀಖು ತಪ್ಪಿದ್ದರೆ ನಮ್ಮಂಥವರಿಗೆ ಬೇಗ ಗೊತ್ತಾಗುತ್ತದೆ! ನಾಣ್ಯದಷ್ಟಗಲದ ಬ್ಯಾಟರಿ ಎಂದೋ ಸತ್ತಿತ್ತು. ಗೋಡೆಯ ಕರೆಂಟಿನಿಂದ ಹೇಗೋ ನಡೆಯುತ್ತಿತ್ತು. ನಾಲ್ಕು ದಿನ ಅದೂ ಇಲ್ಲದಾಗ ಯಂತ್ರಕ್ಕೆ ಯಾವ ಡಿಸ್ಕಿನಿಂದ ಶುರು ಮಾಡಬೇಕೆಂಬುದೇ ಮರೆತುಹೋಗಿ, ಅದು ಹಾಡುಗಳ ಡಿಸ್ಕಿನಲ್ಲಿ ವಿಂಡೋಸ್ ಹುಡುಕುತ್ತಿತ್ತು. ಬ್ಯಾಟರಿ ಬದಲಾಯಿಸಿ, ಚಿಕ್ಕ ಡಿಸ್ಕನ್ನು ಮೊದಲಿಗೆ ಇಟ್ಟೆವು. ಯಂತ್ರ ಎದ್ದಿತು. ಫಾರ್ಮ್ಯಾಟ್ ಆಗಬೇಕಿದ್ದದ್ದು ಯಾವ ಡಿಸ್ಕು ಎಂದು ನೆನೆದು ಇಬ್ಬರೂ ಸುಮ್ಮನಾದೆವು.

ಹೊರಡುವ ಮುಂಚೆ ಎರಡನೆಯ ಸಂಜೆಯ ರೆಕಾರ್ಡಿಂಗ್ ಹಾಕಿಸಿದೆ. ದೊಡ್ಡಮ್ಮ ಕೆಮ್ಮಿ, “ಆ ಪದ ಮರ್ತೇ ಹೋಯ್ತು ಮಗಾ, ಎಷ್ಟು ವರ್ಷದ ಹಿಂದಿಂದು” ಎನ್ನುತ್ತಾರೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಪಕ್ಕದಲ್ಲಿ ಕೂತಿದ್ದ ಅವರ ವಾರಗಿತ್ತಿ, ನಮ್ಮ ಚಿಕ್ಕಮ್ಮ, ಸಣ್ಣ ದನಿಯಲ್ಲಿ ಮೊದಲ ಎರಡು ಶಬ್ದ ಎತ್ತಿಕೊಡುತ್ತಾರೆ. ಅಷ್ಟೇ. ದೊಡ್ಡಮ್ಮ ಹಿಡಿದುಕೊಂಡವರು ಇಪ್ಪತ್ತು ನಿಮಿಷ ನಿಲ್ಲಿಸುವುದಿಲ್ಲ. ಹಿಂದೆ ಎಷ್ಟೋ ಸಲ ಇದನ್ನು ಕೇಳಿದ್ದೆ, ಆ ಎರಡು ಶಬ್ದದ ಕಡೆ ಗಮನವೇ ಕೊಟ್ಟಿರಲಿಲ್ಲ. ರೆಕಾರ್ಡಿಂಗಿನ ಪಟ್ಟಿಯಲ್ಲಿ ಚಿಕ್ಕಮ್ಮನ ಹೆಸರೂ ಇರಲಿಲ್ಲ.

ಅವತ್ತು ಸೇರಿಸಿದೆ. ಈಗ ಆ ಹಾಡುಗಳ ಮೂರು ಪ್ರತಿಗಳಿವೆ. ಒಂದು ಸ್ಟುಡಿಯೋದಲ್ಲಿ, ಒಂದು ನನ್ನಲ್ಲಿ. ಇನ್ನೊಂದನ್ನು ಊರಿಗೆ ಹೋಗಿ ಚಿಕ್ಕಮ್ಮನ ಕೈಗೇ ಕೊಟ್ಟುಬಂದೆ.