ಬಸುರಿಯ ಬಾಯಾರಿಕೆ

ಬಾಯಾರಿ ಬಂದವರಿಗೆ ನೀರು ಕೊಡುವುದು ಪುಣ್ಯವೆಂದು ನಂಬಿದ ನಾಡು ನಮ್ಮದು. ದಾರಿಹೋಕರಿಗಾಗಿ ಅರವಟ್ಟಿಗೆ ಇಡಿಸಿ, ಅದು ನಿಲ್ಲದೆ ನಡೆಯಲೆಂದು ದತ್ತಿ ಬಿಟ್ಟವರ ಸಂಗತಿ ಶಾಸನಗಳಲ್ಲಿ ಬರುತ್ತದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯೂ ರಾಮನವಮಿಯೆಂದರೆ ಪಾನಕ, ನೀರುಮಜ್ಜಿಗೆ. ಇಂಥ ನಾಡಿನಲ್ಲಿ, ಎಲ್ಲರಿಗಿಂತ ಹೆಚ್ಚು ನೀರು ಬೇಕಾದವಳಿಗೇ ನೀರನ್ನು ಬಿಗಿಹಿಡಿದು ಕೊಟ್ಟೆವೆಂಬುದು ಸೋಜಿಗವಲ್ಲವೆ? ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯದು, ಮಗುವಿಗೆ ಶೀತವಾದೀತು ಎಂದು ಹಿರಿಯರು ಚೊಂಬು ಮುಚ್ಚಿಟ್ಟರು. ಬಸುರಿಯ ಕಾಲು ಊದಿದರೆ ‘ನೀರು ಸೇರಿದೆ’ ಎಂದು ಅವಳ ಲೋಟವನ್ನೂ ಕಿರಿದು ಮಾಡುವ ಮನೆಗಳುಂಟು.

ಹಿರಿಯರಿಗೆ ಕರುಣೆಯಿರಲಿಲ್ಲವೆನ್ನಲಾರೆ. ಒಡಲೊಳಗಿನ ನೀರಿನ ಲೆಕ್ಕ ಆಗ ಜಗತ್ತಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಗರ್ಭ ಬೆಳೆದಂತೆ ತಾಯಿಯ ರಕ್ತದಲ್ಲಿನ ದ್ರವಭಾಗ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ. ಆ ಹೊತ್ತಿನಲ್ಲೇ ವಾಂತಿ ಹತ್ತಿಕೊಂಡರೆ ನೀರಿನೊಡನೆ ಲವಣವೂ ಸೋರಿಹೋಗುತ್ತದೆ. ಹೀಗೆ ಸೋರಿದ್ದನ್ನು ಮರಳಿ ತುಂಬಬಹುದೆಂಬ ಅರಿವು ಬಂದದ್ದು ಕಾಲರಾ ಬೇನೆಯಿಂದ. 1832ರಲ್ಲಿ ಸ್ಕಾಟ್‌ಲೆಂಡಿನ ಲೀತ್ ಪಟ್ಟಣದ ಥಾಮಸ್ ಲ್ಯಾಟಾ ಎಂಬ ವೈದ್ಯ ಕಾಲರಾ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿ ಕೆಲವರನ್ನು ಬದುಕಿಸಿಕೊಂಡ. ವೈದ್ಯಲೋಕ ಅದನ್ನು ಬೇಗನೆ ಮರೆಯಿತು. 23 ವರ್ಷಗಳ ಮೇಲೆ, 1855ರ ಮಾರ್ಚ್ 31ರಂದು, ‘ಜೇನ್ ಏರ್’ ಬರೆದ ಷಾರ್ಲೆಟ್ ಬ್ರಾಂಟೆ 38ನೆಯ ವಯಸ್ಸಿನಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯವೆಂದಿದೆ, ನಿಲ್ಲದ ಬಸುರಿನ ವಾಂತಿಯಿಂದ ಬತ್ತಿಹೋದಳೆಂದು ಊಹಿಸುವವರು ಅನೇಕರು.

ಬಾಯಿಂದಲೇ ಕುಡಿಸಿ ಬದುಕಿಸುವ ಕಥೆಯಲ್ಲಿ ಭಾರತದ ಪಾಲು ದೊಡ್ಡದು. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸು ಬೆರೆಸಿದ ನೀರು ಕುಡಿಸಿ, ಫಲವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಜೊತೆಗೆ ಬಳಸಿದ ಎಲೆಯ ರಸ ಯಾವುದೆಂದುಕೊಂಡಿರಿ? ನಮ್ಮ ಹಿತ್ತಿಲ ದೊಡ್ಡಪತ್ರೆ! ಆಗ ಅದನ್ನು ಲೆಕ್ಕಕ್ಕಿಟ್ಟವರು ಕಡಿಮೆ. ಕಾರಣ ತಿಳಿಯದ ಮದ್ದಿಗೆ ಮನ್ನಣೆ ದೊರೆಯುವುದು ಕಷ್ಟ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಆ ಕಾರಣವನ್ನು ಹೇಳಿದ: ಕರುಳಿನಲ್ಲಿ ಗ್ಲೂಕೋಸು ಒಳಹೋಗುವಾಗ ಉಪ್ಪಿನ ಸೋಡಿಯಂ ಅಂಶದ ಕೈಹಿಡಿದು ಹೋಗುತ್ತದೆ, ಅವೆರಡರ ಬೆನ್ನಿಗೆ ನೀರು. 1968ರಲ್ಲಿ ಢಾಕಾದಲ್ಲಿ ನಡೆದ ಪರೀಕ್ಷೆಗಳು ಇದಕ್ಕೆ ಆಧಾರ ಒದಗಿಸಿದವು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಅಡಿಗೆ ಸೋಡಾ, ಗ್ಲೂಕೋಸುಗಳನ್ನು ಪೀಪಾಯಿಗಳಲ್ಲಿ ಕದಡಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಔಷಧದಂಗಡಿಯ ಓ.ಆರ್.ಎಸ್. ಪೊಟ್ಟಣ ಈ ಕಥೆಯ ಕೂಸು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ತಿದ್ದಿದ ಅಳತೆಯಂತೆ ಒಂದು ಲೀಟರು ನೀರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸು 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಇದರ ಮಹಿಮೆಯೆಲ್ಲ ಅಳತೆಯಲ್ಲಿದೆ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಕದಡಿದರೆ ಉಪ್ಪು ಮೀರುತ್ತದೆ. ರುಚಿಗೆಂದು ಸಕ್ಕರೆ ಸುರಿದರೆ ಅದು ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಕದಡಬೇಕು. 24 ಗಂಟೆ ಕಳೆದರೆ ಚೆಲ್ಲಬೇಕು.

ಬಸುರಿ ಇದನ್ನು ಕುಡಿಯಬಹುದೆ? ವಾಂತಿ, ಭೇದಿ, ಬಿಸಿಲಿನ ಬೆವರಿನಿಂದ ಬಳಲಿದಾಗ ಧಾರಾಳವಾಗಿ ಕುಡಿಯಬಹುದು; ಗುಟುಕು ಗುಟುಕಾಗಿ, ಹೊಟ್ಟೆ ಹಿಡಿದಷ್ಟು. ಆರೋಗ್ಯವಾಗಿದ್ದಾಗ ದಿನಬಳಕೆಗೆ ಬೇಡ. ಎರಡು, ಎರಡೂವರೆ ಲೀಟರು ಶುದ್ಧ ನೀರು, ನಡುನಡುವೆ ಮಜ್ಜಿಗೆ, ಅಂಬಲಿ ಸಾಕು. ರಕ್ತದೊತ್ತಡ, ಸಿಹಿಮೂತ್ರ, ಮೂತ್ರಪಿಂಡದ ತೊಂದರೆಯಿದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಮದ್ದೂರು, ಚನ್ನಪಟ್ಟಣದ ಕಡೆಯವರಿಗೆ ಎಳನೀರೆಂದರೆ ಅಮೃತ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿ ಹತ್ತಿದಾಗ ಪೊಟ್ಟಣದ ಕೆಲಸವನ್ನು ಎಳನೀರು ಪೂರ್ತಿ ಮಾಡಲಾರದು. ಬೆಲ್ಲದ ಪಾನಕದ ಮಾತೂ ಅಷ್ಟೆ. ಬಾಯಿಗೆ ಹಾಕಿದ್ದೊಂದೂ ಒಂದು ದಿನ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ತಲೆಸುತ್ತು ಬಂದರೆ, ಮಗುವಿನ ಮಿಸುಕಾಟ ಕುಗ್ಗಿದರೆ ಮನೆಮದ್ದನ್ನು ನೆಚ್ಚದೆ ಆಸ್ಪತ್ರೆಗೆ ಹೋಗಬೇಕು. ಮುಖ, ಕೈ ಊದಿ ತಲೆನೋವು ಬಂದರೂ ಹಾಗೆಯೇ. ನೀರು ನಿಲ್ಲಿಸಿದರೆ ಆ ಊತ ಇಳಿಯುವುದಿಲ್ಲ.

ಇನ್ನು ಬಣ್ಣದ ಬಾಟಲಿಗಳು. ಸಕ್ಕರೆಯೇ ಹೆಚ್ಚಾಗಿದ್ದ ಪಾನೀಯಗಳು ಓ.ಆರ್.ಎಸ್. ಎಂಬ ಮೂರಕ್ಷರವನ್ನು ಹಣೆಗಂಟಿಸಿಕೊಂಡು ಬಹುಕಾಲ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಆಹಾರ, ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ‘ಶಕ್ತಿ ಪಾನೀಯ’ಗಳ ಮಾತು ಬೇರೆ; ಅವುಗಳಲ್ಲಿ ಕೆಫೀನ್ ಇರುವುದರಿಂದ ಬಸುರಿ ಅವುಗಳ ಗೊಡವೆಗೇ ಹೋಗಬಾರದು.

ಹೆರಿಗೆಯ ಮೇಲಿನ ಮಾತೊಂದು ಉಳಿಯಿತು. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಬಾಣಂತಿಯರು ಬಹುಮಂದಿ ಬರುತ್ತಿದ್ದರು. ಇದಕ್ಕೆ ವೈದ್ಯರು ಗುರುತಿಸಿದ ಸಂಭವನೀಯ ಕಾರಣಗಳಲ್ಲಿ ಒಂದು, ಬಾಣಂತಿಗೆ ನೀರು ಕೊಡದ ನಮ್ಮ ಪದ್ಧತಿ. ಹೆರಿಗೆಯಾದ ಹೊಸದರಲ್ಲಿ ರಕ್ತ ತಾನಾಗಿಯೇ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ನೀರೂ ಬತ್ತಿದರೆ ಕೇಳಬೇಕೆ? ಈಗ ಹಳ್ಳಿಗಳಿಗೆ ಓ.ಆರ್.ಎಸ್. ಪೊಟ್ಟಣ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬರುತ್ತದೆ. ಹಾಲೂಡುವ ತಾಯಿಗೆ ಬಸುರಿಗಿಂತಲೂ ಹೆಚ್ಚು ನೀರು ಬೇಕೆಂದು ಬಾಣಂತಿ ಕೋಣೆಯ ಬಾಗಿಲಲ್ಲಿ ಕುಳಿತ ಅಜ್ಜಿಯನ್ನು ಒಪ್ಪಿಸುವ ಕೆಲಸವೂ ಅವಳ ಪಾಲಿಗೇ ಬಂದಿದೆ.