ಗೋಡೆಯೊಳಗಿನ ವೈರ್: ತೇಗದ ಪಟ್ಟಿಯಿಂದ ಥರ್ಮೋಕೋಲ್ ಗೋಡೆಯವರೆಗೆ

ಥರ್ಮೋಕೋಲ್ ಅಚ್ಚುಗಳನ್ನು ಸಾಲಾಗಿ ಜೋಡಿಸಿ, ನಡುವಿನ ಟೊಳ್ಳಿಗೆ ಸರಳು ಇಳಿಸಿ ಕಾಂಕ್ರೀಟ್ ತುಂಬುವ ಗೋಡೆಗಳ ಬಗ್ಗೆ ಈಗ ನಮ್ಮಲ್ಲೂ ಉತ್ಸಾಹದ ಮಾತು ಕೇಳಿಬರುತ್ತಿದೆ. ಅಚ್ಚನ್ನು ಬಿಚ್ಚುವಂತಿಲ್ಲ, ಅದೂ ಗೋಡೆಯ ಭಾಗವಾಗಿಯೇ ಉಳಿಯುತ್ತದೆ. ಮನೆ ತಂಪು, ಎ.ಸಿ. ಖರ್ಚು ಕಡಿಮೆ ಎನ್ನುವುದೆಲ್ಲ ನಿಜವೇ. ಆದರೆ ಇದರ ಜೊತೆಗೇ ಇನ್ನೊಂದು ಮಾತು ಸೇರಿಕೊಂಡಿದೆ: ವೈರಿಂಗ್ ತೀರ ಸುಲಭ, ಬಿಸಿ ಚಾಕುವಿನಲ್ಲಿ ಗೀರಿ ವೈರ್ ಒತ್ತಿಬಿಟ್ಟರೆ ಆಯಿತು, ಥರ್ಮೋಕೋಲಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಪೈಪೂ ಬೇಡ, ಶಾಕಿನ ಭಯವೂ ಇಲ್ಲ. ಈ ಕಸುಬಿನಲ್ಲೇ ತಲೆ ನರೆತವರಿಗೆ ಇದನ್ನು ಕೇಳಿಕೊಂಡು ಸುಮ್ಮನಿರಲಾಗದು. ವೈರ್ ಎಂಬುದು ಗೋಡೆಯ ಹೊರಗಿನಿಂದ ಒಳಗೆ ಹೋದ ದಾರಿಯನ್ನು ಒಮ್ಮೆ ತಿರುಗಿ ನೋಡಿದರೆ ಆ ಸಲಹೆ ಎಲ್ಲಿ ತಪ್ಪಿದೆ ಎಂಬುದು ತಾನಾಗಿ ಕಾಣುತ್ತದೆ.

ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 1905ರಲ್ಲಿ ಬೆಂಗಳೂರಿಗೆ ಬಂತು. ಆಗಿನ ಮನೆಗಳಲ್ಲಿ ವೈರೆಲ್ಲ ಗೋಡೆಯ ಮೇಲೆಯೇ. ಮೊದಲು ಪಿಂಗಾಣಿ ಕ್ಲೀಟು, ಆಮೇಲೆ ತೇಗದ ಕೇಸಿಂಗ್-ಕ್ಯಾಪಿಂಗ್: ಪಟ್ಟಿಯ ಒಂದು ಗಾಡಿಯಲ್ಲಿ, ಅಂದರೆ ಕೊರೆದ ತೋಡಿನಲ್ಲಿ, ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು, ಮೇಲೊಂದು ಮರದ ಮುಚ್ಚಳ. ಅದರ ಬೆನ್ನಿಗೆ ಬ್ಯಾಟನ್ ಪಟ್ಟಿ ಮತ್ತು ಕ್ಲಿಪ್ಪು ಬಂದವು. ರಬ್ಬರಿನ ಹೊದಿಕೆ ಒಣಗಿ ಬಿರಿಯುತ್ತಿತ್ತು, ಇಲಿ ಕಡಿಯುತ್ತಿತ್ತು, ನೋಟಕ್ಕೂ ಅಂದವಿರಲಿಲ್ಲ. ಆದರೂ ಆ ವೈರು ಗಾಳಿಯಲ್ಲಿತ್ತು. ಹುಟ್ಟಿದ ಬಿಸಿ ಅಲ್ಲಲ್ಲೇ ಆರಿಹೋಗುತ್ತಿತ್ತು. ಕೆಟ್ಟರೆ ಕಣ್ಣಿಗೆ ಬೀಳುತ್ತಿತ್ತು.

ಬಿಸಿ ಆರಲು ವೈರಿಗೆ ಜಾಗ ಬೇಕೆಂಬ ಈ ಪಾಠವನ್ನು ಅಮೆರಿಕದವರು ಕಷ್ಟಪಟ್ಟು ಕಲಿತರು. ಅಲ್ಲಿನ ಹಳೆಯ ಮರದ ಮನೆಗಳಲ್ಲಿ ಪಿಂಗಾಣಿ ಗುಬಟು, ಕೊಳವೆಗಳ ಮೇಲೆ ವೈರನ್ನು ಗಾಳಿಯಲ್ಲಿ ತೂಗಿಬಿಡುವ ‘ನಾಬ್ ಅಂಡ್ ಟ್ಯೂಬ್’ ಪದ್ಧತಿಯಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಉರುವಲು ಉಳಿಸಲು ಗೋಡೆಯ ಪೊಳ್ಳುಗಳಿಗೆ, ಅಟ್ಟಗಳಿಗೆ ಶಾಖನಿರೋಧಕ ತುಂಬುವುದು ಜೋರಾಯಿತು. ದಶಕಗಳ ಕಾಲ ತಂಪಾಗಿದ್ದ ವೈರಿಗೆ ಬಿಸಿ ಬಿಡಲು ಜಾಗವೇ ಇಲ್ಲದಂತಾಯಿತು. ಕೊನೆಗೆ ಅಂಥ ವೈರಿನ ಸುತ್ತ ಶಾಖನಿರೋಧಕ ತುಂಬಕೂಡದೆಂದು ಅಲ್ಲಿನ ವಿದ್ಯುತ್ ಸಂಹಿತೆಯೇ ಹೇಳಬೇಕಾಯಿತು. ವೈರ್ ಬದಲಾಗಿರಲಿಲ್ಲ, ಗೋಡೆ ಬದಲಾಗಿತ್ತು.

ನಮ್ಮಲ್ಲಿ ವೈರ್ ಗೋಡೆಯೊಳಗೆ ಹೋದದ್ದು ಪೈಪಿನ ಜೊತೆಗೆ. ಮೊದಲು ಕಪ್ಪು ಬಣ್ಣದ ಕಬ್ಬಿಣದ ಪೈಪು, ನನ್ನ ತಲೆಮಾರು ಕೆಲಸಕ್ಕಿಳಿಯುವ ಹೊತ್ತಿಗೆ ಪಿವಿಸಿ. ಈ ಕನ್ಸೀಲ್ಡ್ ವೈರಿಂಗನ್ನು ಅಂದದ ವಿಚಾರ ಎಂದಷ್ಟೇ ನೋಡುವವರಿದ್ದಾರೆ. ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ತಾರಸಿ ಹಾಕುವ ಹಿಂದಿನ ದಿನ ಎಲೆಕ್ಟ್ರಿಷಿಯನ್ ಮಾಡುವ ಕೆಲಸವನ್ನು ಮನೆ ಕಟ್ಟಿಸುವವರು ನೋಡುವುದೇ ಅಪರೂಪ. ಸೆಂಟ್ರಿಂಗ್ ಮೇಲೆ ಸರಳು ಕಟ್ಟಿದ ನಂತರ ಅವನು ಕೆಳಗಿನ ಸರಳಿಗೂ ಮೇಲಿನ ಸರಳಿಗೂ ನಡುವೆ ಪೈಪ್ ತೂರಿಸಿ, ಜಾಯಿಂಟಿಗೆಲ್ಲ ಸೊಲ್ಯೂಷನ್ ಹಚ್ಚಿ, ಬೈಂಡಿಂಗ್ ವೈರಿನಲ್ಲಿ ಬಿಗಿದು, ಫ್ಯಾನ್ ಬಾಕ್ಸಿನ ಬಾಯಿಗೆ ಹಳೆ ಪೇಪರ್ ತುರುಕುತ್ತಾನೆ. ಮಾರನೆಯ ದಿನ ಬಾಂಡ್ಲಿ ಹೊತ್ತವರು ಅದೇ ಪೈಪಿನ ಮೇಲೆ ನಡೆಯುತ್ತಾರೆ. ವೈಬ್ರೇಟರ್ ತಾಗಿ ಒಂದು ಜಾಯಿಂಟ್ ಬಿಟ್ಟುಕೊಂಡರೂ ಸಿಮೆಂಟ್ ಹಾಲು ಒಳಗಿಳಿದು ಕಲ್ಲಾಗುತ್ತದೆ. ಅದು ತಿಳಿಯುವುದು ಸೆಂಟ್ರಿಂಗ್ ಬಿಚ್ಚಿ, ವೈರ್ ಎಳೆಯಲು ಪೈಪಿನೊಳಗೆ ಸ್ಪ್ರಿಂಗ್ ಬಿಟ್ಟಾಗ. ಆದ್ದರಿಂದಲೇ ಒಳ್ಳೆಯ ಎಲೆಕ್ಟ್ರಿಷಿಯನ್ ಕಾಂಕ್ರೀಟ್ ಮುಗಿಯುವ ತನಕ ತಾರಸಿ ಬಿಟ್ಟು ಇಳಿಯುವುದಿಲ್ಲ.

ಇಷ್ಟು ಕಷ್ಟಪಟ್ಟ ಪೈಪಿನ ಬೆಲೆ ತಿಳಿದದ್ದು ವರ್ಷಗಳ ಮೇಲೆ. ಒಂದು ಕಾಲಕ್ಕೆ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಹಾಕುತ್ತಿದ್ದರು. ಸ್ಕ್ರೂ ಬಿಗಿದ ಜಾಗದಲ್ಲಿ ಅದು ಸಡಿಲವಾಗಿ ಕಾಯುತ್ತಿತ್ತು. ಪೈಪ್ ಇದ್ದ ಮನೆಗಳಲ್ಲಿ ಹಳೆಯ ವೈರಿನ ತುದಿಗೇ ತಾಮ್ರದ ವೈರ್ ಕಟ್ಟಿ ಎಳೆದುಕೊಂಡೆವು. ಗೋಡೆ ಒಡೆಯುವ ಪ್ರಮೇಯವೇ ಬರಲಿಲ್ಲ. ಗೀಸರ್ ಬಂದಾಗ, ಎ.ಸಿ. ಬಂದಾಗ, ಮೂರನೆಯ ವೈರಾಗಿ ಅರ್ತ್ ಎಲ್ಲ ಪಾಯಿಂಟಿಗೂ ಬೇಕೆಂದಾಗ ಕಾಪಾಡಿದ್ದೂ ಈ ಪೈಪೇ. ಮೈವಾನ್ ಎಂದು ಕರೆಯುವ ಅಲ್ಯೂಮಿನಿಯಂ ಅಚ್ಚಿನ ಕಾಂಕ್ರೀಟ್ ಗೋಡೆಗಳು ಅಪಾರ್ಟ್‌ಮೆಂಟುಗಳಿಗೆ ಬಂದ ಮೇಲಂತೂ ಪೈಪು, ಬಾಕ್ಸು ಎಲ್ಲವನ್ನೂ ಕಾಂಕ್ರೀಟಿಗೆ ಮುಂಚೆಯೇ ಸರಳಿಗೆ ಕಟ್ಟಬೇಕಾಯಿತು. ಆಮೇಲೆ ಕೊರೆಯಲು ಹೋದರೆ ಗೋಡೆಯ ಬಲಕ್ಕೇ ಪೆಟ್ಟು.

ಇನ್ನು ಥರ್ಮೋಕೋಲ್ ಅಚ್ಚು. ಕೆನಡಾದ ಕಂಟ್ರಾಕ್ಟರ್ ವರ್ನರ್ ಗ್ರೆಗರಿ 1966ರಲ್ಲಿ ಇಂಥ ಅಚ್ಚಿಗೆ ಪೇಟೆಂಟ್ ಅರ್ಜಿ ಹಾಕಿದ. ಉತ್ತರ ಅಮೆರಿಕದಲ್ಲಿ ಇದು ಚೆನ್ನಾಗಿಯೇ ಬೇರೂರಿದೆ. ಕಾಂಕ್ರೀಟಿನ ಎರಡೂ ಬದಿಗೆ ಸಾಮಾನ್ಯವಾಗಿ ಎರಡೂವರೆ ಇಂಚಿನಷ್ಟು ಥರ್ಮೋಕೋಲ್. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದರಲ್ಲಿ ಗಾಡಿ ಕೊರೆದು, ಕೇಬಲನ್ನು ಕಾಂಕ್ರೀಟಿಗೆ ತಾಗುವಷ್ಟು ಒಳಕ್ಕೆ ತಳ್ಳುತ್ತಾರೆ. ಮೊಳೆ, ಸ್ಕ್ರೂ ತಾಗದಂತೆ ಮೇಲ್ಮೈಯಿಂದ ಒಂದೂಕಾಲು ಇಂಚಾದರೂ ಒಳಗಿಡುತ್ತಾರೆ, ಅಷ್ಟು ಆಳ ಸಿಗದಿದ್ದರೆ ಉಕ್ಕಿನ ತಗಡು ಕೂರಿಸುತ್ತಾರೆ. ಆದರೆ ಅವರ ಕೇಬಲಿಗೆ ಹೊರಗೊಂದು ಕವಚವಿದೆ. ಒಳಗಿನ ವೈರಿನ ಹೊದಿಕೆ 90 ಡಿಗ್ರಿ ಸೆಲ್ಸಿಯಸ್ ತಡೆಯುವಂಥದು, ಹೊರೆ ಹಾಕುವುದು ಮಾತ್ರ 60 ಡಿಗ್ರಿಯ ಲೆಕ್ಕದಲ್ಲಿ. ನಾವು ಅಂಗಡಿಯಿಂದ ತರುವ ಕಾಯಿಲ್ ಒಂಟಿ ವೈರು, ಕವಚವಿಲ್ಲ. ಮಾಮೂಲಿ ಪಿವಿಸಿಯ ಮಿತಿ 70 ಡಿಗ್ರಿ. ಅವರ ಕೈಚಳಕವನ್ನಷ್ಟೇ ನೋಡಿ ಅವರ ಸಾಮಾನನ್ನು ನೋಡದವರು ಇಲ್ಲಿ ಎಡವುತ್ತಾರೆ.

ಬಿಸಿಯ ಲೆಕ್ಕಕ್ಕೆ ಬರೋಣ, ಏಕೆಂದರೆ ವಿಷಯ ಇರುವುದೇ ಅಲ್ಲಿ. ಕಾಂಕ್ರೀಟಿಗೆ ಹೋಲಿಸಿದರೆ ಥರ್ಮೋಕೋಲ್ ನಲವತ್ತರಲ್ಲಿ ಒಂದು ಪಾಲಿನಷ್ಟೂ ಶಾಖ ಸಾಗಿಸದು. ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671ರ ಪ್ರಕಾರ, ಗೋಡೆಗೆ ನೇರವಾಗಿ ಕ್ಲಿಪ್ ಮಾಡಿದ ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ಕೇಬಲ್ 27 ಆಂಪಿಯರ್ ಹೊರಬಲ್ಲದು. ಅದೇ ಕೇಬಲ್ ಅರ್ಧ ಮೀಟರಿಗಿಂತ ಉದ್ದಕ್ಕೆ ಶಾಖನಿರೋಧಕದಲ್ಲಿ ಪೂರಾ ಮುಳುಗಿದರೆ 13.5 ಆಂಪಿಯರ್, ಸರಿಯಾಗಿ ಅರ್ಧ. 3 ಕಿಲೋವ್ಯಾಟ್ ಗೀಸರ್ ಎಳೆಯುವುದೇ 13 ಆಂಪಿಯರ್. ಎಲೆಕ್ಟ್ರಿಕ್ ಕಾರನ್ನು ಮನೆಯ ಸಾಕೆಟ್ಟಿನಲ್ಲಿ ಚಾರ್ಜಿಗೆ ಹಾಕಿದರೆ ರಾತ್ರಿಯೆಲ್ಲ ಹೆಚ್ಚುಕಡಿಮೆ 15. ಆ ಸರ್ಕ್ಯೂಟಿಗೆ 16 ಆಂಪಿಯರ್ ಎಂಸಿಬಿ ಹಾಕಿರುತ್ತೇವೆ. ಅದು ಟ್ರಿಪ್ ಆಗುವುದಿಲ್ಲ. ಅದರ ಪಾಲಿಗೆ ಎಲ್ಲ ಸರಿಯಾಗಿಯೇ ಇದೆ. ಗೋಡೆಯೊಳಗೆ ವೈರ್ ಮಾತ್ರ ಮಿತಿ ಮೀರಿ ಕಾಯುತ್ತಿರುತ್ತದೆ.

ಎರಡನೆಯ ತೊಡಕು ನಿಧಾನದ್ದು. ವೈರಿನ ಮೆತ್ತನೆಯ ಪಿವಿಸಿಯನ್ನು ಥರ್ಮೋಕೋಲಿಗೆ ತಾಗಿಸಿಟ್ಟರೆ, ಅದನ್ನು ಮೆತ್ತಗೆ ಇಡುವ ರಾಸಾಯನಿಕ ಥರ್ಮೋಕೋಲಿಗೆ ಇಳಿಯುತ್ತದೆ. ಥರ್ಮೋಕೋಲ್ ಕರಗಿ ಅಂಟುತ್ತದೆ, ಹೊದಿಕೆ ಬಿರುಸಾಗಿ ಬಿರುಕು ಬಿಡುತ್ತದೆ. ಬಿಸಿ ಹೆಚ್ಚಿದಷ್ಟೂ ಇದು ಬೇಗ. ಗಟ್ಟಿ ಪಿವಿಸಿ ಪೈಪಿನಲ್ಲಿ ಆ ರಾಸಾಯನಿಕ ಇಲ್ಲ. ಪೈಪ್ ಹಾಕಿದರೆ ಈ ತೊಂದರೆ ಅಲ್ಲಿಗೇ ಮುಗಿಯಿತು.

ಹಾಗಾದರೆ ಮಾಡಬೇಕಾದ್ದೇನು? ಗಾಡಿಯನ್ನು ಕಾಂಕ್ರೀಟಿನ ತನಕ ಕೊರೆದು, ಪೈಪಿನ ಒಂದು ಮೈ ಕಾಂಕ್ರೀಟಿಗೆ ಒರಗುವಂತೆ ಕೂರಿಸಬೇಕು. ಗೀಸರ್, ಎ.ಸಿ., ಕಾರ್ ಚಾರ್ಜರ್‌ಗಳಿಗೆ ಒಂದು ಅಳತೆ ದಪ್ಪದ ವೈರ್, ಅಂದರೆ ಎರಡೂವರೆಯ ಜಾಗದಲ್ಲಿ ನಾಲ್ಕು, ನಾಲ್ಕರ ಜಾಗದಲ್ಲಿ ಆರು ಸ್ಕ್ವೇರ್. ಬಾಕ್ಸನ್ನು ಥರ್ಮೋಕೋಲಿನ ಹಿಡಿತಕ್ಕೆ ಬಿಡದೆ ಕಾಂಕ್ರೀಟಿಗೇ ಸ್ಕ್ರೂ ಹಾಕಬೇಕು, ಇಲ್ಲದಿದ್ದರೆ ಪ್ಲಗ್ ಎಳೆದೆಳೆದು ಬಾಕ್ಸೇ ಕಿತ್ತುಬರುತ್ತದೆ. ಮೇನ್ ಕೇಬಲ್ ಗೋಡೆ ದಾಟುವ ಕಡೆ ಕಾಂಕ್ರೀಟಿಗೆ ಮೊದಲೇ ಪೈಪ್ ತೂರಿಸಿಡಬೇಕು. ಪೈಪು ಓಡುವುದು ನೇರ ಉದ್ದಕ್ಕೆ ಅಥವಾ ಅಡ್ಡಕ್ಕೆ ಮಾತ್ರ. ಹತ್ತಿರದ ದಾರಿ ಎಂದು ಓರೆಯಾಗಿ ಓಡಿಸಿದರೆ ಮುಂದೆ ಡ್ರಿಲ್ ಹಿಡಿದವನಿಗೆ ಅಪಾಯ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಆದರೆ ಅದು ಕಾಯುವುದು ಕರೆಂಟ್ ಸೋರಿಕೆಯಿಂದ, ಬಿಸಿಯಿಂದಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ‘ಲೈಟ್ ಹೌಸ್’ ವಸತಿ ಯೋಜನೆಗಳಲ್ಲಿ ಲಖನೌಗೆ ಪಿವಿಸಿ ಅಚ್ಚನ್ನು ಗೋಡೆಯಲ್ಲೇ ಉಳಿಸುವ ವಿಧಾನವನ್ನೂ, ಇಂದೋರಿಗೆ ಸ್ಯಾಂಡ್‌ವಿಚ್ ಪ್ಯಾನೆಲ್ಲನ್ನೂ ಆರಿಸಲಾಯಿತು. ಅಲ್ಲಿಂದೀಚೆಗೆ ಹೊಸ ಗೋಡೆಗಳ ಬಲ, ವೇಗ, ಖರ್ಚಿನ ಬಗ್ಗೆ ಚರ್ಚೆ ಬೇಕಾದಷ್ಟಿದೆ. ಅದೇ ಗೋಡೆಯೊಳಗೆ ಕೈಯಿಟ್ಟು ಕೆಲಸ ಮಾಡುವ ಎಲೆಕ್ಟ್ರಿಷಿಯನ್ನಿಗೆ ಓದಿಕೊಳ್ಳಲು ಕನ್ನಡದಲ್ಲಿ ನಾಲ್ಕು ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಐ.ಟಿ.ಐ. ಹುಡುಗರು ಇವತ್ತಿಗೂ ಮರದ ಬೋರ್ಡಿನ ಮೇಲೆ ಪೈಪ್ ಕ್ಲಿಪ್ ಹೊಡೆದು ಕಲಿಯುತ್ತಾರೆ. ಕಲಿಯಲಿ, ಅದೂ ಬೇಕು. ಆದರೆ ಪಕ್ಕದಲ್ಲೊಂದು ಥರ್ಮೋಕೋಲ್ ಗೋಡೆಯ ತುಂಡನ್ನೂ ಇಡಬಹುದಲ್ಲ?

ಇಂಥ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಗಾರೆ ಕೆಲಸ ಶುರುವಾಗುವ ಮುಂಚೆ ಪ್ರತಿ ಗೋಡೆಯ ಮುಂದೆ ನಿಂತು, ಟೇಪ್ ಹಿಡಿಸಿ ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪೈಪಿಲ್ಲದೆ ಬರೀ ವೈರ್ ಕಂಡರೆ ಆ ಗೋಡೆಗೆ ಗಾರೆ ಹಚ್ಚಲು ಬಿಡಬೇಡಿ.